ಹಂಚಿನ ಮೇಲೆ ಜೋಳ ಸುರಿದಂತೆ

ದಾಂಡೇಲಿಗೆ ಬಂದ ಮೊದಲ ಮಳೆಗಾಲ. ಸಂಜೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ನಮ್ಮತ್ತೆ ದಡಬಡಿಸಿ ಎದ್ದು ನಿಂತರು. "ಶಾಂತಾ, ಮಾಳಿಗಿ ಮ್ಯಾಲ ಯಾರೋ ಜ್ವಾಳ ಸುರುವಾಕತ್ತಾರ ನೋಡು! ಚೀಲ ಹರೀತೇನ? ಲಗೂ ಹೋಗಿ ಬಾಯಿ ಹಿಡಿ!" ಅತ್ತೆಗೆ ಕಣ್ಣು ಕಾಣುವುದಿಲ್ಲ. ನನಗೆ ಎರಡೂ ಕಣ್ಣು ನೆಟ್ಟಗಿವೆ. ಆದರೂ ಒಂದು ಗಳಿಗೆ ನಾನೂ ಚೀಲದ ಬಾಯಿ ಹಿಡಿಯಲು ಹೊರಟವಳಂತೆ ಸೆರಗು ಸಿಕ್ಕಿಸಿಕೊಂಡು ಮೇಲೆ ನೋಡಿದೆ. ಮೇಲೆ ಮಾಳಿಗೆಯೂ ಇರಲಿಲ್ಲ, ಜೋಳವೂ ಇರಲಿಲ್ಲ. ಹಂಚಿನ ಮೇಲೆ ಮಳೆ ಬೀಳುತ್ತಿತ್ತು. ಮಳೆಗೆ ಇಷ್ಟೊಂದು ಸದ್ದು ಇರುತ್ತದೆಂದು ನಮ್ಮಿಬ್ಬರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಾವು ನವಲಗುಂದದ ಕಡೆಯವರು. ನಮ್ಮಲ್ಲಿ ಮನೆ ಎಂದರೆ ಮೇಲೆ ಮಣ್ಣಿನ ಮಾಳಿಗೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮೊಳದಷ್ಟು ಮಣ್ಣು. ಮಳೆ ಬಂದರೆ ಆ ಮಣ್ಣು ಸದ್ದಿಲ್ಲದೆ ಕುಡಿದುಬಿಡುತ್ತದೆ. ಒಳಗೆ ಮಲಗಿದವರಿಗೆ ಬೆಳಗ್ಗೆ ಎದ್ದು ಅಂಗಳದ ಕೆಸರು ತುಳಿದ ಮೇಲೆಯೇ ಮಳೆ ಬಂದದ್ದು ತಿಳಿಯಬೇಕು. ಅಷ್ಟಕ್ಕೂ ಅಲ್ಲಿ ಬರುವ ಮಳೆ ಎಷ್ಟು! ಬೇಸಿಗೆಯಲ್ಲಿ ಆ ಮಾಳಿಗೆಯೇ ನಮ್ಮ ಇನ್ನೊಂದು ಮನೆ. ಅಲ್ಲಿ ಸಂಡಿಗೆ ಹಾಕುತ್ತೇವೆ, ಮೆಣಸಿನಕಾಯಿ ಒಣಗಿಸುತ್ತೇವೆ, ಹಾಸಿಕೊಂಡು ಮಲಗುತ್ತೇವೆ, ಪಕ್ಕದ ಮಾಳಿಗೆಯವಳ ಜೊತೆ ಜಗಳವನ್ನೂ ಅಲ್ಲೇ ಆಡುತ್ತೇವೆ.

ಹಾಗಾಗಿ ಈ ಊರಿಗೆ ಬಂದ ಮಾರನೆಯ ದಿನವೇ ನಾನು ಹಿತ್ತಲಾಚೆಯ ಮನೆಯ ರೋಜಾಬಾಯಿಯನ್ನು ಕೇಳಿದ್ದು ನೀರಿನ ವಿಷಯವಲ್ಲ, ಹಾಲಿನ ವಿಷಯವಲ್ಲ. "ಮ್ಯಾಲ ಹತ್ತೂದು ಎಲ್ಲಿಂದ?" ಎಂದು ಕೇಳಿದೆ. ಅವಳು ಹಂಚಿನ ಇಳಿಜಾರು ನೋಡಿ, ನನ್ನನ್ನು ನೋಡಿ, ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಮ್ಯಾಲ ಮಂಗ್ಯಾ ಹತ್ತತಾವ ಅಕ್ಕಾ, ಮಂದಿ ಹತ್ತೂದಿಲ್ಲ."

ರೋಜಾಬಾಯಿ ಹಳಿಯಾಳದ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಗಳು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ, ಅಂಗಡಿಯವನ ಜೊತೆ ಮರಾಠಿ, ಭಾನುವಾರ ಇಗರ್ಜಿ. ಗಂಡ ಇಲ್ಲಿಯ ಕಾಗದದ ಕಾರ್ಖಾನೆಗೆ ಬರುವ ಬಿದಿರಿನ ಲಾರಿ ಇಳಿಸುತ್ತಿದ್ದ. ಅವಳ ಹಿರಿಯರು ಆಫ್ರಿಕಾದಿಂದ ಬಂದವರಂತೆ. ಯಾವಾಗ, ಯಾರು ತಂದರು ಎಂದು ಅವಳಿಗೂ ಸರಿಯಾಗಿ ಗೊತ್ತಿಲ್ಲ. ನಾನು ಊರು ಬಿಟ್ಟು ಬಂದ ದುಃಖವನ್ನು ಅವಳ ಮುಂದೆ ದೊಡ್ಡದಾಗಿ ತೋಡಿಕೊಂಡಾಗ, "ನೀವು ಈಗ ಬಂದೀರಿ, ನಾವು ಯಾವಾಗೋ ಬಂದೇವಿ, ಅಷ್ಟ" ಅಂದಳು. ಆಮೇಲೆ ನಾನು ಅವಳ ಮುಂದೆ ಆ ದುಃಖ ತೆಗೆಯಲಿಲ್ಲ.

ನಮ್ಮನೆಯವರಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಹಳೇ ದಾಂಡೇಲಿಯಲ್ಲಿ ಮಣ್ಣಿನ ಗೋಡೆಯ, ಹಂಚಿನ ಒಂದು ಸಣ್ಣ ಮನೆ ಕೊಂಡೆವು. ಅತ್ತೆಗೆ ಅಷ್ಟರಲ್ಲೇ ಎರಡೂ ಕಣ್ಣು ಹೋಗಿದ್ದವು. ಅವರು ಈ ಊರನ್ನು ಕಣ್ಣಿಂದ ನೋಡಲೇ ಇಲ್ಲ. ಕಾಡು ನೋಡಲಿಲ್ಲ, ಕಾಳಿ ಹೊಳೆ ನೋಡಲಿಲ್ಲ. ಆದರೆ ನಾನು ಇನ್ನೂ ಸಂತೆಯ ದಾರಿ ತಪ್ಪುತ್ತಿದ್ದ ದಿನಗಳಲ್ಲಿ ಅವರು ಈ ಊರನ್ನು ಕಿವಿ ಮೂಗಿನಿಂದ ಕಲಿತು ಮುಗಿಸಿದ್ದರು. ಕಾರ್ಖಾನೆಯ ಭೋಂಗಾ ಕೂಗಿದರೆ ಯಾವ ಪಾಳಿಯದು ಎನ್ನುತ್ತಿದ್ದರು. ಕಾರ್ಖಾನೆಯಿಂದ ಬರುವ ಆ ಕೊಳೆತ ಕೋಸಿನಂಥ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ, "ಗಾಳಿ ಹೊಳೀ ಕಡಿಂದ ಬರಾಕತ್ತೈತಿ, ಅರಿಬಿ ಒಣಗತಾವ, ಹಾಕು" ಎನ್ನುತ್ತಿದ್ದರು.

ಮನೆಯನ್ನು ಅವರು ಕೈಯಿಂದ ಕಲಿತರು. ನಮ್ಮ ಕಡೆ ಹಬ್ಬಕ್ಕೆ ಹೆಂಗಸರು ಗೋಡೆಗೆ ಮಣ್ಣಿನ ಸಾರಣೆ ಮಾಡುತ್ತಾರಲ್ಲ, ಬಂದ ವರ್ಷವೇ ಅತ್ತೆ ಮಣ್ಣು ತರಿಸಿದರು. ಇಲ್ಲಿಯ ಕೆಂಪು ಮಣ್ಣನ್ನು ಬೆರಳ ನಡುವೆ ಉಜ್ಜಿ, ಮೂಸಿ, "ಇದಕ್ಕ ಮಣ್ಣಂತಾರೇನು" ಎಂದು ಮೂಗು ಮುರಿದು, ಸೆಗಣಿ ಕಲಿಸಿ, ಅದನ್ನೇ ಅಡುಗೆಮನೆಯಿಂದ ಪಡಸಾಲೆಯವರೆಗೆ ತಮ್ಮ ಅಂಗೈಯಿಂದ ಬಳಿದರು. ಪ್ರತಿ ವರ್ಷ ಬಳಿದರು. ಹೀಗೆ ಒಂದೊಂದು ಗೋಡೆಯ ಉಬ್ಬು ತಗ್ಗು, ಬಿರುಕು, ಗೂಡು ಎಲ್ಲ ಅವರ ಅಂಗೈಗೆ ಪಾಠವಾಯಿತು. ಹೊಸ್ತಿಲು ಕಾಲಿಗೆ ತಾಗಿದರೆ ಯಾವ ಕೋಣೆ ಎಂದು ತಿಳಿಯುತ್ತಿತ್ತು. ಅಡುಗೆಮನೆಯದು ಎತ್ತರ, ಬಚ್ಚಲದ್ದು ಸವೆದು ತಗ್ಗಾದದ್ದು. ಯಾರ ಕೈಯೂ ಹಿಡಿಯದೆ ಅವರು ಒಲೆಯ ಮುಂದೆ ಬಂದು ಕೂತು, ನಾನು ತಟ್ಟುವ ರೊಟ್ಟಿಯ ಸದ್ದು ಕೇಳಿ, "ದಪ್ಪ ಆತು" ಎನ್ನುತ್ತಿದ್ದರು.

ಈಗ ನನ್ನ ಕಥೆಗೆ ಬರುತ್ತೇನೆ, ಅದು ಅಷ್ಟು ಚೆಂದದ್ದಲ್ಲ. ಆ ಮನೆ ನನಗೆ ಬೇಡವಾಗಿತ್ತು. ಊರಲ್ಲಿ ಮನೆ ಬಿಸಿಲಿಗೆ ಬಿರಿಯುತ್ತದೆ, ಇಲ್ಲಿ ಮನೆ ಮಳೆಗೆ ನೆನೆಯುತ್ತದೆ. ಆಷಾಢ ಬಂತೆಂದರೆ ಗೋಡೆ ಬೆವರುತ್ತಿತ್ತು. ಜೋಳದ ಹಿಟ್ಟಿಗೆ ಮುಗ್ಗು ವಾಸನೆ, ಉಪ್ಪು ನೀರು, ಟ್ರಂಕಿನೊಳಗಿನ ಮದುವೆ ಸೀರೆಗೆ ಬೂಷ್ಟು. ಒದ್ದೆ ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಮೈಗೆಲ್ಲ ಹೊಗೆಯ ವಾಸನೆ ಹತ್ತಿಸಿಕೊಂಡು ಸಂತೆಗೆ ಹೋಗಬೇಕು. ಮಂಗಗಳು ಹಂಚು ಸರಿಸಿ ಹೋದರೆ ಹಾಸಿಗೆಯ ಮೇಲೆ ನೀರು. ಕಾರ್ಖಾನೆಯ ವಸಾಹತಿನ ಮನೆಗಳಿಗೆ ಸ್ಲ್ಯಾಬು ಇತ್ತು, ನಿಂತು ಅಡುಗೆ ಮಾಡುವ ಕಟ್ಟೆ ಇತ್ತು. ನನಗೂ ಅದು ಬೇಕಿತ್ತು, ಜೊತೆಗೆ ಹೊರಗಿನಿಂದ ಒಂದು ಮೆಟ್ಟಿಲು. ಸ್ಲ್ಯಾಬು ಹಾಕಿಸಿದರೆ ಅದರ ಮೇಲೆ ಬೇಸಿಗೆಯಲ್ಲಿ ಹಾಸಿಕೊಂಡು ಮಲಗಬಹುದಲ್ಲ, ಊರಲ್ಲಿ ಮಲಗಿದ ಹಾಗೆ! ಈ ಆಸೆ ನಾನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಗುತ್ತೇದಾರ ಪುಂಡಲೀಕ ನಮ್ಮ ಮನೆಗೆ ಬರಲು ಶುರುವಾದದ್ದು ಹೀಗೆ. ಹಳಿಯಾಳದ ಮರಾಠಾ ಮನುಷ್ಯ, ಮಾತು ಅರ್ಧ ಕನ್ನಡ ಅರ್ಧ ಮರಾಠಿ. ನನ್ನನ್ನು ವೈನಿ ಎಂದು ಕರೆಯುತ್ತಿದ್ದ. ಮರಾಠಿಯಲ್ಲಿ ಅಣ್ಣನ ಹೆಂಡತಿಗೆ ಹಾಗೆನ್ನುತ್ತಾರೆ. ಅಂಬಿಕಾನಗರದಲ್ಲಿ ವಿದ್ಯುತ್ತಿನವರ ಮನೆಗಳ ಕೆಲಸ ಮಾಡಿದ್ದೇನೆ ಎಂದು ಮೀಸೆ ತಿರುವುತ್ತಿದ್ದ. ಕಟ್ಟುವ ಕಾಲದ ಲೆಕ್ಕವನ್ನು ಅವನೇ ನನಗೆ ಹೇಳಿಕೊಟ್ಟದ್ದು. ನಮ್ಮೂರಲ್ಲಿ ನೀರೊಂದು ಸಿಕ್ಕರೆ ಯಾವಾಗ ಬೇಕಾದರೂ ಮನೆ ಕಟ್ಟಬಹುದು. ಇಲ್ಲಿ ದೀಪಾವಳಿಗೆ ಕೈಹಚ್ಚಿದರೆ ಮಿರಗದ, ಅಂದರೆ ಮೃಗಶಿರಾ ಮಳೆಯೊಳಗೆ ಮುಗಿಸಬೇಕು. ತಡವಾದರೆ ಬಿಚ್ಚಿದ ಮನೆಯ ಮೇಲೆ ಮಳೆ ಬಂದು ಕೂರುತ್ತದೆ. ಸಿಮೆಂಟಿಗೆ ಬೇರೆ ಪರ್ಮಿಟ್ಟು ಬೇಕಿದ್ದ ಕಾಲ. ಆದ್ದರಿಂದ ಅವನು ದಸರೆ ಮುಗಿದ ಕೂಡಲೇ ಬಂದು, ಪಡಸಾಲೆಯ ಅಂಚಿಗೆ ಕೂತು ಚಹಾ ಕುಡಿದು, "ಮಗ, ಯಾ ವರ್ಷಿ?" ಎಂದು ಕೇಳುತ್ತಿದ್ದ. ಹಾಗಾದರೆ ಈ ವರ್ಷ ಹೇಗೆ, ಎಂದು ಮರಾಠಿಯಲ್ಲಿ.

ನಮ್ಮನೆಯವರ ಉತ್ತರ ಯಾವಾಗಲೂ ಒಂದೇ, "ನೋಡೂಣು." ಹಾಗೆಂದು ಅಂಗಿ ಹಾಕಿಕೊಂಡು ಪಾಳಿಗೆ ನಡೆದುಬಿಡುತ್ತಿದ್ದರು. ಒಂದು ವರ್ಷ ಪುಂಡಲೀಕ ಅವರು ಹೋದ ಮೇಲೆ ನನ್ನ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದ. "ನನಗ ತಿಳೀತೈತ್ರಿ ವೈನಿ. ಆಯಿ ಅದಾರ. ಕಣ್ಣಿಲ್ಲದವ್ರು, ಈ ಮನೀಗೆ ರೂಢಿ ಆಗ್ಯಾರ. ಅವ್ರನ್ನ ಈ ವಯಸ್ಸಿನ್ಯಾಗ ತ್ರಾಸು ಯಾಕ? ಅವಸರಿಲ್ಲ. ಆಮ್ಯಾಲ ಮಾಡೂಣು."

"ಹೌದು ನೋಡ್ರಿ, ಆಮ್ಯಾಲನ ಚಲೋ" ಎಂದು ನಾನೂ ಅಂದೆ. ಅಂದು ಒಳಗೆ ಬಂದು ಚಹಾದ ಕಪ್ಪು ತೊಳೆಯುವಾಗ ಕೈ ನಿಂತಿತು. ಆಮೇಲೆ ಎಂದರೆ ಯಾವುದರ ಆಮೇಲೆ? ಪುಂಡಲೀಕ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ನಾನೂ ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದ್ದೆ. ಇಬ್ಬರೂ ಸೇರಿ ಆ ಮುದುಕಿಯ ಸಾವಿಗೆ ಒಂದು ಮುಹೂರ್ತ ಕಾಯುತ್ತಾ ಕೂತಿದ್ದೆವು. ಅವತ್ತು ಸಂಜೆ ನಾನು ಗೋದಿ ಹುಗ್ಗಿ ಮಾಡಿ, ತುಪ್ಪ ಸುರಿದು, ಅತ್ತೆಗೆ ಬಡಿಸಿದೆ. ಅವರಿಗೆ ಹುಗ್ಗಿ ಎಂದರೆ ಪ್ರಾಣ. "ಇವತ್ತೇನು ಹಬ್ಬ?" ಎಂದರು. ಸುಮ್ಮನೆ ಮಾಡಿದೆ ಎಂದೆ.

ಅದು ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷ ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಹಣೆಗೆ ಒದ್ದೆ ಬಟ್ಟೆ ಇಡುತ್ತಾ ಕೂತಿದ್ದವಳ ಕಣ್ಣು ಅವರ ತಲೆಯ ಹಿಂದಿನ ಗೋಡೆಯ ಮೇಲೆ ಹೋಯಿತು. ಈ ಗೋಡೆ ತೆಗೆದರೆ ಅಡುಗೆಮನೆ ಎಷ್ಟು ಉದ್ದ ಆದೀತು ಎಂದು ಮನಸ್ಸು ಅಳೆಯಿತು. ಅಳೆದೇ ಬಿಟ್ಟಿತು, ನಾನು ತಡೆಯುವುದರೊಳಗೆ. ಎದ್ದು ಹೋಗಿ ಮುಖ ತೊಳೆದುಕೊಂಡೆ. ಅತ್ತೆ ಗುಣವಾಗಿ ಎದ್ದು ಕೂತು, ರೊಟ್ಟಿ ಕೇಳಿ ಉಂಡಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಆ ಸಂತೋಷದ ಹಿಂದೆ ಇನ್ನೊಂದು ಸಣ್ಣ ನಿಟ್ಟುಸಿರು ಇತ್ತಲ್ಲ, ಅದಕ್ಕೆ ನಾನು ಇವತ್ತಿಗೂ ನಾಚುತ್ತೇನೆ. ಊರಲ್ಲಿ ಇದನ್ನು ಓದುವ ನನ್ನ ಅಕ್ಕತಂಗಿಯರು ನನ್ನನ್ನು ಏನು ಬೇಕಾದರೂ ಅಂದುಕೊಳ್ಳಲಿ. ಆ ವಾರವೂ ಹುಗ್ಗಿ ಆಯಿತು. ಪುಂಡಲೀಕ ಬಂದಾಗಲೆಲ್ಲ ಆಯಿತು.

ಹೀಗೇ ಎರಡು ಮೂರು ವರ್ಷ ಕಳೆದು, ಇನ್ನೊಂದು ದಸರೆ ಮುಗಿಯಿತು. ಪುಂಡಲೀಕ ಚಪ್ಪಲಿ ಬಿಟ್ಟು ಪಡಸಾಲೆಗೆ ಹತ್ತಿದ್ದಷ್ಟೇ, ಕಂಬಕ್ಕೆ ಒರಗಿ ಕೂತಿದ್ದ ಅತ್ತೆ ತಲೆಯೆತ್ತಿದರು. "ಬಾರಪಾ ಗುತ್ತೇದಾರ. ಮುದುಕಿ ಇನ್ನೂ ಗಟ್ಟಿ ಅದಾಳೇನಂತ ನೋಡಾಕ ಬಂದೀಯೇನು?"

ಪುಂಡಲೀಕ ತಾನು ಬಿಟ್ಟ ಚಪ್ಪಲಿಯ ಕಡೆ ನೋಡಿದ. "ಛೇ ಛೇ, ಆಯಿ, ಹಂಗ್ಯಾಕ ಅಂತೀರಿ..."

"ನೀ ಬಂದ ದಿನಾ ನನಗ ಹುಗ್ಗಿ ಸಿಗತೈತಿ. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ, ಬರೇ ನೀ ಬಂದಿರತಿ. ಯಾಕಂತ ತಿಳಿಯದಷ್ಟು ಮಬ್ಬಾಗಿಲ್ಲ ನನಗ. ಕಣ್ಣಷ್ಟ ಹೋಗ್ಯಾವ." ಅತ್ತೆ ನಗುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. "ನಾ ಸತ್ತ ಮ್ಯಾಲ ಕಟ್ಟಿದ ಮನಿ ತಗೊಂಡು ನಾ ಏನು ಮಾಡ್ಲಿ? ಇದ್ದಾಗ ಕೆಡವು. ಹೊಸಾ ಗ್ವಾಡಿ ನನ್ನ ಕೈಗೂ ಸಿಗಲಿ. ಪರ್ಮಿಟ್ಟೋ ಪಿರ್ಮಿಟ್ಟೋ ಏನೈತಿ, ಅದನ್ನ ಬರಕೊಡು."

ನಾನು ಓಡಿಬಂದು ಅವರ ಕಾಲು ಹಿಡಿದೆ. "ಬ್ಯಾಡ್ರಿ ಅತ್ತಿ, ಈ ಮನಿ ಹಿಂಗ ಇರಲಿ" ಎಂದೆ. "ಏ ಹುಚ್ಚಿ, ಏಳು. ಒಗ್ಗರಣಿ ಸೀಯಾಕತ್ತೈತಿ" ಎಂದರು. ನಾನು ಒಂದು ಸಲ ಬೇಡ ಅಂದೆ. ಎರಡನೇ ಸಲ ಅನ್ನಲಿಲ್ಲ, ಅದು ನನಗೆ ಗೊತ್ತು, ಅವರಿಗೂ ಗೊತ್ತು.

ದೀಪಾವಳಿ ಆದ ಮೇಲೆ ಕೆಲಸ ಶುರುವಾಯಿತು. ನಾವು ರೋಜಾಬಾಯಿಯ ಮನೆಯ ಗೋಡೆಗೆ ತಾಗಿಸಿ ಇಳಿಸಿದ್ದ ಚಪ್ಪರದಲ್ಲಿ ಉಳಿದೆವು. ಇಳಿಸಿದ ಹಂಚುಗಳನ್ನು ಹಿತ್ತಲಲ್ಲಿ ಸಾಲಾಗಿ ಪೇರಿಸಿದರು. ಪುಂಡಲೀಕ ಮಾರಿಬಿಡೋಣ ಎಂದ, ರೋಜಾಬಾಯಿ "ಇರಲಿ ಬಿಡ್ರಿ, ಹಂಚು ಉಣ್ಣಾಕ ಕೇಳತಾವೇನು?" ಎಂದು ತಡೆದಳು. ಅತ್ತೆ ಅವಳ ಜಗಲಿಯ ಮೇಲೆ ಕೂತು ನಮ್ಮ ಗೋಡೆಗಳು ಬೀಳುವುದನ್ನು ಕೇಳುತ್ತಿದ್ದರು. ಒಂದೊಂದು ಬಿದ್ದಾಗಲೂ ಬೆರಳಿನಿಂದ ನೆಲದ ಮೇಲೆ ಒಂದು ಗೆರೆ ಎಳೆದು, ಮತ್ತೆ ಅದನ್ನು ಅಂಗೈಯಿಂದ ಒರೆಸುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಆ ತಪ್ಪಿತಸ್ಥ ಮನಸ್ಸಿನಿಂದಲೇ ನಾನು ಒಂದಾದ ಮೇಲೊಂದು ಉಪಕಾರ ಮಾಡಲು ಹೊರಟೆ. ಅತ್ತೆ ಎಡವಬಾರದೆಂದು ಒಳಗಿನ ಹೊಸ್ತಿಲುಗಳನ್ನೆಲ್ಲ ತೆಗೆಸಿದೆ. ಕೈಗೆ ತರಚಬಾರದೆಂದು ಗೋಡೆಗೆ ನುಣ್ಣನೆ ಸಿಮೆಂಟಿನ ಗಿಲಾಯಿ ಮಾಡಿಸಿದೆ. ಮೂಲೆ ತಾಗಬಾರದೆಂದು ಮೂಲೆಗಳನ್ನು ದುಂಡಗೆ ಮಾಡಿಸಿದೆ. "ಆಯಿ ಪುಣ್ಯಾ ಮಾಡ್ಯಾರ, ಇಂಥಾ ಸೊಸಿ ಎಲ್ಲಿ ಸಿಗತಾರ್ರಿ" ಎಂದು ಪುಂಡಲೀಕ ಹೊಗಳಿದ. ನಾನು ಹಿಗ್ಗಿದೆ.

ಮುಂಬಾಗಿಲು ಮಾತ್ರ ಹಳೆಯದು ಬಂತು. ಸೂಪಾದ ಕಡೆ ಅಣೆಕಟ್ಟಿನ ನೀರು ನಿಲ್ಲುತ್ತದೆಂದು ಜನ ಮನೆ ಬಿಚ್ಚಿಕೊಂಡು ಹೊರಟಿದ್ದ ಕಾಲ ಅದು. ಪುಂಡಲೀಕ ಅಲ್ಲಿಂದ ಒಂದು ಸಾಗುವಾನಿ ಬಾಗಿಲು ತಂದ, ಮೇಲೆ ಬಳ್ಳಿ ಹೂವಿನ ಕೆತ್ತನೆ. ಅತ್ತೆ ಅದರ ಮೇಲೆ ಎರಡೂ ಕೈ ಆಡಿಸಿ, "ಇದು ಯಾರ ಮನೀದಪಾ?" ಎಂದು ಕೇಳಿದರು. ಮನೆ ಮುಳುಗುತ್ತದಂತೆ, ಅವರು ಬೇರೆ ಕಡೆ ಹೋದರಂತೆ ಎಂದ ಪುಂಡಲೀಕ. "ಅವ್ರು ಹೋದಲ್ಲಿ ಬಾಗಲಾ ಬ್ಯಾಡೇನು ಅವ್ರಿಗೆ?" ಎಂದರು ಅತ್ತೆ. ಆದರೂ ಬಾಗಿಲು ಕೂರಿಸಿದೆವು.

ಮಿರಗಕ್ಕೆ ಮುಂಚೆ ಮನೆ ಮುಗಿಯಿತು. ಹಾಲುಕ್ಕಿಸಿ ಒಳಗೆ ಹೋದೆವು. ನನ್ನ ಕಟ್ಟೆ, ನನ್ನ ಮೆಟ್ಟಿಲು, ನೀರು ಹೀರದ ಗೋಡೆ. ಒಂದೆರಡು ದಿನ ನಾನು ಕಣ್ಣಿಗೆ ಕಂಡದ್ದನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದೆ. ಆಮೇಲೆ ಅತ್ತೆಯ ಕಡೆ ನೋಡಿದೆ.

ಅವರು ಕೋಣೆಯ ನಡುವೆ ನಿಂತಿದ್ದರು. ಗೋಡೆಗೆ ಅಂಗೈ ಒತ್ತಿ, ನಾಲ್ಕು ಹೆಜ್ಜೆ ಸರಿದು, ಮತ್ತೆ ಒತ್ತಿ ನಿಂತರು. ಎಲ್ಲ ಗೋಡೆಯೂ ಒಂದೇ ನುಣುಪು. ಕಾಲಿಗೆ ಹೊಸ್ತಿಲು ತಾಗುವುದಿಲ್ಲ, ಕೈಗೆ ಬಿರುಕು ಸಿಗುವುದಿಲ್ಲ, ಮೂಲೆ ಬಂದದ್ದೇ ತಿಳಿಯುವುದಿಲ್ಲ. "ಶಾಂತಾ, ನಾ ಎಲ್ಲಿ ಅದೇನಿ?" ಎಂದು ಕೇಳಿದರು. ಆ ಮನೆಯೊಳಗೆ ಅಷ್ಟು ವರ್ಷ ಅವರು ಆ ಪ್ರಶ್ನೆ ಕೇಳಿರಲಿಲ್ಲ. ಅವರು ಎಡವದಿರಲಿ ಎಂದು ನಾನು ತೆಗೆಸಿದ್ದೆಲ್ಲವೂ ಅವರು ಹಿಡಿದು ನಡೆಯುತ್ತಿದ್ದವೇ ಆಗಿದ್ದವು.

ಬಚ್ಚಲಿಗೆ ಹೋಗಲೂ ನನ್ನ ಕೈ ಬೇಕಾಯಿತು. ಕಟ್ಟೆಯ ಮುಂದೆ ನಾನು ನಿಂತು ರೊಟ್ಟಿ ಮಾಡುತ್ತಿದ್ದೆ, ಅವರಿಗೆ ಒಲೆಯ ಮುಂದೆ ಕೂರುವ ಜಾಗವೇ ಇರಲಿಲ್ಲ. ಒಂದು ದಿನ ರೋಜಾಬಾಯಿಯ ಹತ್ತಿರ ಮಣ್ಣು ತರಿಸಿ ಸಿಮೆಂಟಿನ ಗೋಡೆಗೆ ಸಾರಣೆ ಬಳಿದು ನೋಡಿದರು. ಒಣಗಿದ ಮೇಲೆ ಅದು ಹಪ್ಪಳದಂತೆ ಎದ್ದು ಉದುರಿತು. ನಾನು ಗುಡಿಸಿ ತೆಗೆದೆ, ಅವರು ಮತ್ತೆ ಬಳಿಯಲಿಲ್ಲ. ಮುಂಬಾಗಿಲಿನ ಕೆತ್ತನೆಯೊಂದೇ ಅವರ ಕೈಗೆ ಗುರುತು ಸಿಗುತ್ತಿದ್ದದ್ದು. ಅದಕ್ಕೇ ಬೆನ್ನು ಹಚ್ಚಿ, ಯಾರದೋ ಮುಳುಗಲಿದ್ದ ಮನೆಯ ಹೂವಿನ ಮೇಲೆ ಬೆರಳಿಟ್ಟುಕೊಂಡು ದಿನವಿಡೀ ಕೂರತೊಡಗಿದರು. ಮಾತು ಕಡಿಮೆಯಾಯಿತು. ನಾನು ಹುಗ್ಗಿ ಮಾಡಿದೆ. "ನನಗ ಹಸಿವಿಲ್ಲ" ಎಂದರು.

"ಆಯಿಗೆ ರೂಢಿ ಆಗತೈತಿ ಬಿಡು ಅಕ್ಕಾ" ಎಂದಳು ರೋಜಾಬಾಯಿ. ಆದರೆ ಅವಳೂ ನನ್ನ ಮುಖ ನೋಡಿ ಹೇಳಲಿಲ್ಲ.

ಮಳೆ ಹಿಡಿಯಿತು. ಇಲ್ಲಿಯ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ಎರಚಲು ಬರುತ್ತದೆಂದು ಬಾಗಿಲು ಕಿಟಕಿ ಮುಚ್ಚಿದ್ದೆ. ಒಳಗೆ ಒಂದು ಹನಿ ಸೋರಲಿಲ್ಲ, ಗೋಡೆ ಬೆವರಲಿಲ್ಲ, ಹಿಟ್ಟು ಬೆಚ್ಚಗಿತ್ತು. ನಾನು ಇದಕ್ಕಾಗಿಯೇ ಇಷ್ಟು ವರ್ಷ ಕಾದದ್ದು. ಮಧ್ಯಾಹ್ನ ಅತ್ತೆ ನನ್ನನ್ನು ಕರೆದರು. ಅವರ ಮುಖದ ಮೇಲೆ ಒಂದು ಥರದ ಗಲಿಬಿಲಿ ಇತ್ತು.

"ಶಾಂತಾ, ಈ ವರ್ಷ ಮಿರಗ ಕೂಡಲಿಲ್ಲೇನು?"

"ಕೂಡೇತ್ರಿ ಅತ್ತಿ."

"ಮತ್ತ ಮಳಿ ಎಲ್ಲಿ? ಬರೇ ಗಾಳಿ ಬೀಸಾಕತ್ತೈತಿ, ಜ್ವಾಳದ ಹೊಲದಾಗ ಬೀಸಿಧಂಗ." ಹೊರಗೆ ಮರಗಳ ಮೇಲೆ ಬೀಳುತ್ತಿದ್ದ ಮಳೆಯ ದೂರದ ಮೊರೆತ ಅವರಿಗೆ ಹಾಗೆ ಕೇಳಿಸಿತ್ತು. ತಲೆಯ ಮೇಲೆ ಸದ್ದಿಲ್ಲ, ಸೋರುವ ಹನಿ ಇಲ್ಲ, ಮಟ್ಟಸ ಮಾಳಿಗೆ. ಅವರು ನನ್ನ ಮೊಣಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಕೇಳಿದರು. "ನಾವು ಊರಿಗೆ ಬಂದ್ವೇನು? ನನಗ ಯಾರೂ ಹೇಳಲೇ ಇಲ್ಲಲ್ಲ."

ಹೂಂ ಎಂದುಬಿಡಲೇ ಎಂದು ಅನಿಸಿತು. ಹೂಂ ಅಂದರೆ ಅವರು ಊರಲ್ಲಿ ಇದ್ದುಬಿಡುತ್ತಾರೆ, ನಾನೂ ಈ ಅಪರಾಧದಿಂದ ಪಾರಾಗುತ್ತೇನೆ. ಆದರೆ ಅವರಿಗೆ ಹುಗ್ಗಿ ತಿನ್ನಿಸಿ ಸಾಕಾಗಿತ್ತು ನನಗೆ. ಕೈ ಹಿಡಿದು ಎಬ್ಬಿಸಿ, ಬಾಗಿಲು ತೆಗೆದು, ಅವರ ಅಂಗೈಯನ್ನು ಮಳೆಗೆ ಹಿಡಿದೆ. ನೀರು ಮೊಣಕೈವರೆಗೆ ಇಳಿಯಿತು. ಕಾರ್ಖಾನೆಯ ವಾಸನೆ ಬಂತು.

"ದಾಂಡೇಲಿ" ಎಂದರು.

"ಹೌದ್ರಿ."

"ಎಲ್ಲಾ ಕಡೆ ಬೀಳಾಕತ್ತೈತಲ್ಲ ಮಳಿ." ಅವರು ಮುಖವನ್ನು ಮೇಲಕ್ಕೆತ್ತಿ, ಸ್ಲ್ಯಾಬಿನ ಕಡೆ ಕಿವಿ ತಿರುಗಿಸಿದರು. "ನನ್ನ ಮನಿ ಮ್ಯಾಲ ಯಾಕ ಬೀಳವಲ್ದು?"

ನನ್ನ ಮನೆ! ಬಂದಾಗಿನಿಂದ ಅವರು ಇದನ್ನು ನಿಮ್ಮ ಮನೆ ಅಂದಿದ್ದರು, ಈ ಮನೆ ಅಂದಿದ್ದರು, ಆ ಮಾತು ಅಂದಿರಲಿಲ್ಲ. ಕೆಡವಿ ಹಾಕಿದ ಮೇಲೆ ಅದು ನನಗೆ ಕೇಳಿಸಿತು. ನಾನು ಅಲ್ಲೇ, ಎರಚಲಿನಲ್ಲಿ, ಗಟ್ಟಿಯಾಗಿ ಅತ್ತುಬಿಟ್ಟೆ.

ಮಾರನೆಯ ದಿನ ಪುಂಡಲೀಕನಿಗೆ ಹೇಳಿಕಳಿಸಿದೆ. ಕಂಬಳಿ ಹೊದ್ದು ಬಂದ. ಮುಂದಿನ ಪಡಸಾಲೆಗೆ ಹಿತ್ತಲಿನ ಹಳೇ ಹಂಚು ಹಾಕಿ ಒಂದು ಇಳಿಜಾರು ಮಾಡು ಇಳಿಸಿಕೊಡಿ ಎಂದೆ. ಅವನು ಹಣೆ ಚಚ್ಚಿಕೊಂಡ. "ವೈನಿ, ನಿಮಗೇನಾತ್ರಿ? ಮಳ್ಯಾಗ ಯಾರರ ಕೆಲಸಾ ಹಿಡೀತಾರೇನು? ಹೊಸಾ ಸ್ಲ್ಯಾಬಿನ ಮನೀಗೆ ಹಳೇ ಹಂಚು? ನೋಡಿದವ್ರು ನನಗ ನಗತಾರ. ದಸರಾ ಆಗಲಿ, ಆಮ್ಯಾಲ..."

"ಆಮ್ಯಾಲ ಅನ್ನೂ ಮಾತ ನಮ್ಮ ಮನೀಗೆ ತರಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಡುಗೆಮನೆಯಿಂದ ನಮ್ಮನೆಯವರು, ಮೊದಲ ಸಲ, "ನೋಡೂಣು" ಅನ್ನದೆ ಹೊರಗೆ ಬಂದು ನನ್ನ ಪಕ್ಕ ನಿಂತರು. "ಆಕಿ ಹೇಳಿದ್ದ ಮಾಡ್ರಿ ಪುಂಡಲೀಕ" ಎಂದರು.

ರೋಜಾಬಾಯಿ ಗಂಡನನ್ನು ಕರೆದುಕೊಂಡು ಬಂದಳು, ಬಿದಿರಿನ ಗಳಗಳೂ ಬಂದವು. ಮಳೆ ಉಸಿರು ಬಿಟ್ಟ ಹೊತ್ತಿನಲ್ಲಿ ಎಲ್ಲರೂ ಸೇರಿ ಮಾಡು ನಿಲ್ಲಿಸಿದರು. ಪುಂಡಲೀಕ ಗೊಣಗುತ್ತಲೇ ಹಂಚು ಜೋಡಿಸಿದ. ಚೆಂದವೇನೂ ಇರಲಿಲ್ಲ, ಸೂಟು ಹಾಕಿದ ಮನುಷ್ಯ ತಲೆಗೆ ಕಂಬಳಿಯ ಗೊಪ್ಪೆ ಹೊದ್ದ ಹಾಗಿತ್ತು. ಅತ್ತೆಯನ್ನು ತಂದು ಅದರ ಕೆಳಗೆ, ಸೂಪಾದ ಬಾಗಿಲಿಗೆ ಬೆನ್ನು ಹಚ್ಚಿ ಕೂರಿಸಿದೆವು. ಹಂಚಿನ ಅಂಚಿನಿಂದ ಸಾಲಾಗಿ ಇಳಿಯುವ ನೀರಿಗೆ ಇಲ್ಲಿಯ ಮರಾಠಿಗರು ಪಾಗೋಳಿ ಎನ್ನುತ್ತಾರೆ. ನಮ್ಮ ಊರಲ್ಲಿ ಅದಕ್ಕೆ ಹೆಸರು ಬೇಕಾಗಿಯೇ ಇರಲಿಲ್ಲ.

ಸಂಜೆಗೆ ಮಳೆ ಸುರಿಯಿತು. ಅತ್ತೆ ಕತ್ತು ಎತ್ತಿ ಕೇಳಿದರು. "ಬಂತು ನೋಡು, ಜ್ವಾಳ" ಎಂದರು, ತಮಗೆ ತಾವೇ. ಆ ರಾತ್ರಿಯ ಊಟಕ್ಕೆ ನಾನು ಬೇಕೆಂದೇ ಬರೀ ರೊಟ್ಟಿ, ಝುಣಕಾ ಮಾಡಿದ್ದೆ. ತಟ್ಟೆಯ ಮೇಲೆ ಬೆರಳಾಡಿಸಿ, "ಇವತ್ತ ಗುತ್ತೇದಾರ ಬಂದಿದ್ದ. ಹುಗ್ಗಿ ಇಲ್ಲೇನು?" ಎಂದರು.

"ಇಲ್ರಿ ಅತ್ತಿ."

"ಚಲೋ ಆತು" ಎಂದು ರೊಟ್ಟಿ ಮುರಿದರು.

ಇದಾಗಿ ಕೆಲವು ವರ್ಷಗಳಾದವು. ಅತ್ತೆ ಇದ್ದಾರೆ. ಒಳಗಿನ ಮನೆ ಅವರಿಗೆ ಇನ್ನೂ ಪೂರ್ತಿ ಒಲಿದಿಲ್ಲ, ಬಚ್ಚಲಿಗೆ ನನ್ನನ್ನೇ ಕರೆಯುತ್ತಾರೆ. ಪ್ರತಿ ಸಲ ಅವರ ಕೈ ಹಿಡಿದು ನಡೆಸುವಾಗ, ತೆಗೆಸಿ ಹಾಕಿದ ಹೊಸ್ತಿಲು ನನ್ನ ಕಾಲಿಗೆ ತಾಗುತ್ತದೆ. ಅವರೇ ಹೇಳಿದರಲ್ಲ ಕೆಡವು ಎಂದು, ನಮ್ಮನೆಯವರು ನನಗೆ ಸಮಾಧಾನ ಹೇಳುತ್ತಾರೆ. ಹೇಳಿದರು, ನಿಜ. ಯಾಕೆ ಹೇಳಿದರು ಎಂಬುದು ನನಗೆ ಗೊತ್ತಲ್ಲ.

ಮತ್ತೆ ನನ್ನ ಮೆಟ್ಟಿಲು? ಊರವರು ಬಂದಾಗಲೆಲ್ಲ ಕೇಳುತ್ತಾರೆ, ಮೇಲೆ ಮಲಗುತ್ತೀರೇನು ಎಂದು. ಬೇಸಿಗೆಯ ಸಂಜೆ ಚಾಪೆ ಸುತ್ತಿಕೊಂಡು ಹತ್ತುತ್ತೇನೆ. ಸಿಮೆಂಟು ಕಾದ ರೊಟ್ಟಿ ಹಂಚಿನಂತೆ ಸುಡುತ್ತಿರುತ್ತದೆ, ನಮ್ಮ ಮಣ್ಣಿನ ಮಾಳಿಗೆಯ ತಂಪು ಇದಕ್ಕಿಲ್ಲ. ಸುತ್ತಲೂ ಮರಗಳು ಮೇಲೆದ್ದು ನಿಂತಿವೆ. ಅಲ್ಲಿ ಮಾಳಿಗೆ ಹತ್ತಿದರೆ ಪಕ್ಕದ ಊರಿನ ದೀಪ ಕಾಣುತ್ತಿತ್ತು. ಆದರೂ ಹತ್ತುತ್ತೇನೆ, ನಮ್ಮೂರಿರುವ ಪೂರ್ವಕ್ಕೆ ಮುಖ ಮಾಡಿ ಕೂರುತ್ತೇನೆ.

ಕೆಳಗೆ ಹಂಚಿನ ಮಾಡಿನಿಂದ ಅತ್ತೆಯ ದನಿ ಬರುತ್ತದೆ. ಅವರಿಗೆ ನನ್ನ ಹೆಜ್ಜೆ ಗೊತ್ತಾಗುತ್ತದೆ.

"ಹತ್ತಿದೇನು? ಏನು ಕಾಣತೈತಿ?"

"ಗಿಡಾ ಅತ್ತಿ. ಬರೇ ಗಿಡಾ."

"ಊರು?"

"ಇಲ್ರಿ."

"ಹಂಗಾರ ಇಳದು ಬಾ" ಎನ್ನುತ್ತಾರೆ ನಮ್ಮತ್ತೆ. "ಗಾಳ್ಯಾಗ ಮಳಿ ವಾಸನಿ ಬರಾಕತ್ತೈತಿ. ಮನೀ ಮ್ಯಾಲ ಮಳಿ ಬರೂ ಹೊತ್ತಾತು, ಬಂದು ನನ್ನ ಹಂತ್ಯಾಕ ಕುಂದರು."